ಹಗ್ಗ ಹಿಡಿದವನು

ಬೀಗರೂಟದಲ್ಲಿ ಹಗ್ಗ ಹಿಡಿಯುವ ಕೆಲಸ ಈ ಸಲ ಜವರಪ್ಪನ ಪಾಲಿಗೆ ಬಂದಿತ್ತು. ಒಂದು ಪೆಗ್ಗು ಕುಡಿದರೆ ಹಿಮ್ಮಡಿ ಏಳುತ್ತಿತ್ತು, ಎರಡಕ್ಕೆ ಕಾಲು ನೆಲ ಬಿಡುತ್ತಿತ್ತು, ಮೂರಕ್ಕೆ ಆಳು ತೆಂಗಿನ ಗರಿ ದಾಟುತ್ತಿದ್ದ. ಅದಕ್ಕೇ ಕುಡಿಯುವವನ ಸೊಂಟಕ್ಕೊಂದು ಹಗ್ಗ, ಅದರ ತುದಿ ಹಿಡಿಯಲು ಕುಡಿಯದವನೊಬ್ಬ. ಹೋದ ವರ್ಷ ಹಗ್ಗ ಜಾರಿ ಮೇಲೆ ಹೋದ ಪಟೇಲರ ಅಳಿಯ ಇನ್ನೂ ಇಳಿದಿರಲಿಲ್ಲ. ತಿಥಿ ಮಾಡುವುದೋ ಕಾಯುವುದೋ ಮನೆಯವರಿಗೆ ತಿಳಿಯದು.

ಬಾಮೈದ ಬೋರಲಿಂಗನ ಹಗ್ಗವನ್ನು ಜವರಪ್ಪ ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡು ಬಯಲಲ್ಲಿ ನಿಂತಿದ್ದ. ಮೇಲೇಳುವ ಮುಂಚೆ ಬೋರಲಿಂಗ ಕೈಯಾರೆ ಒಂದು ಚೊಂಬು ನಿಂಬೆ ಸೋಡಾ ಮಾಡಿಕೊಟ್ಟಿದ್ದ, ಉಪ್ಪು ಹುಳಿ ಮುಂದಾಗಿ. ಈಗ ತಲೆಯ ಮೇಲೆ ತೇಲುತ್ತ ಕೋಳಿ ತೊಡೆ ಕಡಿಯುತ್ತಿದ್ದ. ಜವರಪ್ಪ ಚೊಂಬನ್ನು ಖಾಲಿ ಮಾಡಿದ್ದ.

ಅಂಗಾಲಿಗೆ ಗಾಳಿ ತಗುಲಿದಂತಾಗಿ ಜವರಪ್ಪ ಕೆಳಗೆ ನೋಡಿದ. ಚಪ್ಪಲಿಗಳು ನೆಲದ ಮೇಲಿದ್ದವು. ಪಾದಗಳು ಅವಕ್ಕಿಂತ ಗೇಣು ಮೇಲಿದ್ದವು.

"ಲೋ ಬೋರ, ಸೋಡಾಕ್ಕೆ ಏನ್ಲಾ ಹಾಕ್ದೆ?"

"ಎಲ್ರೂ ನಗ್ತಾವ್ರೆ, ನೀನೊಬ್ನೇ ಸಪ್ಪಗ್ ನಿಂತಿದ್ದಲ್ಲ ಭಾವ. ಅದ್ಕೇ ಒಂಚೂರು ಉಯ್ದೆ," ಎಂದು ಬೋರಲಿಂಗ ಮೇಲಿನಿಂದ ನಕ್ಕ.

"ಒಂಚೂರು ಅಂದ್ರೆ ಎಷ್ಟ್ಲಾ?"

"ಮೂರು ಪೆಗ್ಗು."

ಜವರಪ್ಪ ಗಂಟಲು ಹರಿಯುವಂತೆ ಕೂಗಿಕೊಂಡ. ವಾಲಗದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಹಗ್ಗ ಬಿಗಿಯಲು ಶಾಮಿಯಾನದ ಕಂಬ ಎರಡೇ ಹೆಜ್ಜೆ ದೂರದಲ್ಲಿತ್ತು. ಹೆಜ್ಜೆ ಊರಲು ಅವನ ಕಾಲಿಗೆ ನೆಲ ಸಿಗಲಿಲ್ಲ.