ಅಧ್ಯಕ್ಷರ ಬೆರಳಿಗೆ ಬಂದ ನೋವು

ಇಲಿಗಳ ಕೀಲುನೋವು ವಾಸಿ ಮಾಡಿದ ಔಷಧವನ್ನು ಮನುಷ್ಯರಿಗೆ ಕೊಟ್ಟು ನೋಡಲೆಂದು ಇಟ್ಟಿದ್ದ ಹಣದಲ್ಲಿ ಹೋದ ವರ್ಷ ಸಂಶೋಧನಾಲಯದ ಅಧ್ಯಕ್ಷರು ಕಟ್ಟಡದ ಮುಂದೆ ಕಾರಂಜಿ ಕಟ್ಟಿಸಿದ್ದರು.

ಈ ವರ್ಷದ ಹಣ ಮಂಜೂರು ಮಾಡುವ ಸಭೆಗೆ, ಹುಬ್ಬಳ್ಳಿಯ ಖಾನಾವಳಿಯಲ್ಲಿ ಕೀಲುನೋವಿನ ಕೈಯಲ್ಲೇ ರೊಟ್ಟಿ ಬಡಿಯುವ ಸಾಂವಕ್ಕನನ್ನು ಕರೆಸಿದ್ದರು. ಯಾವ ರೋಗಕ್ಕೆ ಹಣವೋ ಆ ರೋಗದವರೊಬ್ಬರ ನೋವನ್ನು ಸಭೆ ಮುಗಿಯುವವರೆಗೆ ಅಧ್ಯಕ್ಷರು ಹೊರಬೇಕೆಂಬುದು ನಿಯಮ. ನೋವನ್ನು ಕೈಯಿಂದ ಕೈಗೆ ದಾಟಿಸುವುದು ಅಲ್ಲಿ ಹೊಸದೇನಲ್ಲ. ಮದುಮಗಳ ಹಲ್ಲುನೋವನ್ನು ಸೋದರತ್ತೆ ಸಂಜೆಯವರೆಗೆ ಇಟ್ಟುಕೊಳ್ಳುತ್ತಾಳೆ. ಕೊಟ್ಟವರೇ ಮತ್ತೆ ಕೈ ಹಿಡಿದು ಕೇಳಿ ಪಡೆಯಬೇಕು, ಅಷ್ಟೆ. ಹೋದ ವರ್ಷ ಅಧ್ಯಕ್ಷ ಪಟ್ಟಣಶೆಟ್ಟರು ನೋವು ಹೊರಲು ತಮ್ಮ ಡ್ರೈವರನ್ನು ಕಳಿಸಿದ್ದರು. ಈ ಸಲ ಸಾಂವಕ್ಕ ಅವರ ಕೈಯನ್ನೇ ಹಿಡಿದುಬಿಟ್ಟಳು.

ಚಹದ ಕಪ್ಪು ಅವರ ಬೆರಳಿಂದ ಜಾರಿ ಬಿತ್ತು.

"ಯವ್ವಾ, ಇಂಥಾ ಕೈಲೆ ರೊಟ್ಟಿ ಹೆಂಗ ಬಡೀತಿ?"

"ನಿಮ್ಮನ್ನ ಬೈಕೊಂತ ಬಡೀತೀನ್ರಿ."

ಅವಳು ಬೆರಳುಗಳನ್ನು ಮಡಚಿ ಬಿಡಿಸಿದಳು. ಎಷ್ಟೋ ವರ್ಷಗಳ ಮೇಲೆ ತಾನೇ ತನ್ನ ತುರುಬು ಕಟ್ಟಿಕೊಂಡಳು.

"ಹಣ ಕೊಡೂಣು," ಎಂದರು ಪಟ್ಟಣಶೆಟ್ಟರು, ಮುಂಗೈ ಒತ್ತಿಕೊಳ್ಳುತ್ತ. "ಆದ್ರ ಪೆನ್ನು ಹಿಡಿಯಾಕ ಆಗವಲ್ದು. ಮೊದಲ ನಿನ್ನ ನೋವು ತಗೋ, ಆಮ್ಯಾಲೆ ಸಹಿ ಮಾಡ್ತೀನಿ."

ಆಮ್ಯಾಲೆ ಎಂಬ ಮಾತು ಕೇಳಿಯೇ ಸಾಂವಕ್ಕನ ಅರ್ಧ ಆಯುಷ್ಯ ಸವೆದಿತ್ತು. ಮೇಜಿನ ಮೇಲಿದ್ದ ಶಾಯಿಯ ಡಬ್ಬಿಯನ್ನು ಅವರ ಮುಂದಕ್ಕೆ ಸರಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಒಲ್ಲೆನ್ರಿ ಸಾಹೇಬ್ರ. ಹೆಬ್ಬೆಟ್ಟು ಒತ್ರಿ. ನಾವೆಲ್ಲಾ ಒತ್ತೂದಿಲ್ಲೇನು?"