ಪ್ರತಿಭೆ ಹತ್ತಿದ ದಿನ

ಮೆಣಸಿನಕಾಯಿ ಸುಟ್ಟ ಘಾಟು ಬಂದರೆ ಈಗಲೂ ನನಗೆ ಬ್ಯಾಡಗಿಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಸಾಲಿಯ ಮಾಸ್ತರರು ನನ್ನ ಲೆಕ್ಕದ ಪಾಟಿಯನ್ನು ಅಜ್ಜಿಗೆ ತೋರಿಸಿ, "ನಿಮ್ಮ ಮೊಮ್ಮಗಳಿಗೆ ಪ್ರತಿಭಾ ಐತ್ರಿ. ಮುಂದ ಏಳನೇ ವರ್ಗದ ಮುಲ್ಕಿ ಪರೀಕ್ಷಾಕ್ಕ ಕೂಡ್ರಸ್ರಿ" ಎಂದರು. ಅವರು ಹೋದೊಡನೆ ಅಜ್ಜಿ ಉಪ್ಪು, ಒಣಮೆಣಸಿನಕಾಯಿಗಳನ್ನು ನನ್ನ ತಲೆಗೆ ನಿವಾಳಿಸಿ ಒಲೆಗೆ ಹಾಕಿದಳು.

"ಹೆಣ್ಣ ಕೂಸಿಗೆ ಇಂಥಾದ್ದು ಹತ್ತಬಾರ್ದು. ನಾಳಿಂದ ಸಾಲಿಗೆ ಹೋಗಬ್ಯಾಡ."

ಅದೆಂಥ ಜಡ್ಡೋ ತಿಳಿಯದೆ ನಾನು ಹಣೆ ಮುಟ್ಟಿ ನೋಡಿಕೊಂಡೆ. ಬಿಸಿ ಇರಲಿಲ್ಲ.

ಎಂಟು ದಿನ ಬಿಟ್ಟು ಅದೇ ಮಾಸ್ತರರು ಬಂದು, ನನ್ನ ಅಣ್ಣನಿಗೂ ಪ್ರತಿಭೆ ಇದೆ ಎಂದರು. ಅವನಿಗೂ ಹತ್ತಿತಲ್ಲ ಎಂದು ಹೆದರಿ ನಾನು ಅಡುಗೆಮನೆಗೆ ಓಡಿ, ಮುಷ್ಟಿ ತುಂಬ ಮೆಣಸಿನಕಾಯಿ ತಂದೆ. ಅಜ್ಜಿ ಅಣ್ಣನ ಬಾಯಿಗೆ ಸಕ್ಕರೆ ಹಾಕುತ್ತಿದ್ದಳು.