ಗೂಡ್ಸ್ ಶೆಡ್ಡಿನ ಹೊರಗಿದ್ದ ಕೊಬ್ಬರಿ

ಅಂದು ಬೆಳಿಗ್ಗೆ ಅಮ್ಮ ನನಗೆ ಜಡೆ ಹೆಣೆಯುತ್ತಿದ್ದಳು. ಅಪ್ಪ ಕಾಫಿ ಅರ್ಧಕ್ಕೇ ಬಿಟ್ಟು ಮತ್ತೆ ಅರಸೀಕೆರೆ ಸ್ಟೇಷನ್ನಿಗೆ ಹೊರಟರು. ಯುದ್ಧದ ಕಾಲವಾದ್ದರಿಂದ ವ್ಯಾಗನ್ನುಗಳೆಲ್ಲ ಸಿಪಾಯಿಗಳ ಸಾಮಾನಿಗೆ ಹೋಗುತ್ತಿದ್ದವು. ನಮ್ಮ ವರ್ಷದ ಕೊಬ್ಬರಿಯೆಲ್ಲ ಗೂಡ್ಸ್ ಶೆಡ್ಡಿನ ಹೊರಗೆ ಬಯಲಲ್ಲೇ ಬಿದ್ದಿತ್ತು. ಮಧ್ಯಾಹ್ನ ಮಳೆ ಬಂತು. ಮನೆಯ ಜಮಖಾನ, ಅಮ್ಮನ ಸೀರೆಗಳನ್ನೆಲ್ಲ ಒಯ್ದು ಅಪ್ಪ ಮೂಟೆಗಳ ಮೇಲೆ ಹೊದಿಸಿದರು. ನೆನೆದ ಗೋಣಿಯ ವಾಸನೆ ಬಂದರೆ ಈಗಲೂ ನಾನು ಕೂತಲ್ಲಿ ಕೂರಲಾರೆ.

"ವ್ಯಾಗನ್ ನಾಳೆ ಬರುತ್ತಂತೆ ಕಣೇ," ಎಂದರು ಅಪ್ಪ, ತಲೆಯನ್ನೂ ಒರೆಸಿಕೊಳ್ಳದೆ.

"ನಿನ್ನೇನೂ ಹಾಗೇ ಅಂದ್ರಿ. ಬೂಷ್ಟು ಹಿಡಿದ್ರೆ ಯಾರ್ರೀ ಕೊಳ್ತಾರೆ?" ಅಮ್ಮ ರೇಗಿದಳು.

ಸಂಜೆ ಪಕ್ಕದ ಮನೆಯ ನಂಜಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. "ರೈಲೈತಲ್ಲ ಅಂತ ಎತ್ತು ಮಾರಿದ್ರಲ್ಲವ್ವಾ, ಅವು ಇವತ್ತು ತಿಪಟೂರು ರಸ್ತೇಲಿ ಸಿಕ್ವು. ಗಾಡಿ ತುಂಬ ಯಾರ್ದೋ ಕೊಬ್ಬರಿ!"